ಹೆಬ್ಬೆರಳುದ್ದದ ಹೆಂಡತಿ

ವಿಮಾ ಕಚೇರಿಯ ಗುಮಾಸ್ತರಿಗೆ ಲೋಕದ ಮೇಲಿದ್ದ ಸಿಟ್ಟೆಲ್ಲ ಕಣ್ಣಿನದು. ಅವರ ಕಣ್ಣಲ್ಲ, ಅವರು ಬಣ್ಣ ಬಳಿಯುತ್ತಿದ್ದ ಗೊಂಬೆಗಳ ಕಣ್ಣು. ಹೆಬ್ಬೆರಳುದ್ದದ ಸಿಪಾಯಿಗಳು, ಕುದುರೆ ಸವಾರರು, ಕಹಳೆ ಊದುವವರು, ಹೀಗೆ ಇಡೀ ದಂಡೇ ಊಟದ ಮೇಜಿನ ಮೇಲೆ ಬೀಡುಬಿಟ್ಟಿತ್ತು. ಕೋಟಿನ ಗುಂಡಿಯವರೆಗೆ ಎಲ್ಲ ಸರಿಯಾಗಿ ಬರುತ್ತಿತ್ತು. ಕಣ್ಣಿಗೆ ಬಂದರೆ ಮುಗಿಯಿತು. ಒಬ್ಬ ಮೆಳ್ಳೆಗಣ್ಣ, ಒಬ್ಬ ಗಾಬರಿಗಣ್ಣ. ಮಹಾದಂಡನಾಯಕರಂತೂ ಶತ್ರುವನ್ನು ಬಿಟ್ಟು ತಮ್ಮ ಮೂಗನ್ನೇ ದಿಟ್ಟಿಸುತ್ತಿದ್ದರು. ಬಣ್ಣ ಹಚ್ಚಿದಷ್ಟೂ ಗುಮಾಸ್ತರ ಬಣ್ಣ ಬಯಲಾಗುತ್ತಿತ್ತು.

"ಯುದ್ಧಕ್ಕೆ ಹೊರಟವರ ಹಾಗಿಲ್ಲ ರೀ, ಕಣ್ಣಾಸ್ಪತ್ರೆಗೆ ಹೊರಟವರ ಹಾಗಿದ್ದಾರೆ," ಎಂದಳು ಹೆಂಡತಿ, ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು. (ಮೇಜು ರಣರಂಗವಾದ ಮೇಲೆ ಆ ಮನೆಯಲ್ಲಿ ಊಟವೆಲ್ಲ ತೊಡೆಯ ಮೇಲೆಯೇ.) ಶಾಲೆಯಲ್ಲಿ ಗಣಿತ ಹೇಳಿಕೊಡುವ ಆಕೆಗೆ ತಪ್ಪನ್ನು ತಪ್ಪು ಎಂದೇ ಹೇಳಿ ಅಭ್ಯಾಸ.

ಊರಿನಲ್ಲಿ ಗೊಂಬೆಗೆ ಬಣ್ಣ ಹಚ್ಚುವವರದೇ ಒಂದು ಬಳಗವಿತ್ತು; ಅದರ ಪ್ರದರ್ಶನದಲ್ಲಿ ಈ ಸಲವಾದರೂ ಮಾನ ಉಳಿಸಿಕೊಳ್ಳಬೇಕೆಂದು ಗುಮಾಸ್ತರು ಬಳಗದ ಹಿರಿಯರ ಬಳಿಗೆ ಹೋದರು. ಅವರು ನಿವೃತ್ತ ದಂತವೈದ್ಯರು. (ಇಕ್ಕಟ್ಟಿನಲ್ಲಿ ಕೆಲಸ ಮಾಡಿ ಪಳಗಿದ ಕೈ.) ಸಿಪಾಯಿಯನ್ನು ಕಿತ್ತ ದವಡೆಹಲ್ಲಿನಂತೆ ಬೆಳಕಿಗೆ ಹಿಡಿದು ನೋಡಿದರು.

"ಬಣ್ಣ ಗಟ್ಟಿಯಾಯ್ತು. ನೀರು ಬೆರೆಸಿ, ತೆಳ್ಳಗೆ ಒಂದು ಪದರ, ಒಣಗಿದ ಮೇಲೆ ಇನ್ನೊಂದು. ನಡುಗದ ಹಾಗೆ ಎರಡೂ ಮಣಿಕಟ್ಟು ಒಂದಕ್ಕೊಂದು ಆನಿಸಿ. ಆದ್ರೆ ಅಸಲು ತೊಂದರೆ ಬೇರೆ. ನೀವು ಮನುಷ್ಯರ ಮುಖ ನೋಡೋದೇ ಇಲ್ಲ. ಒಂದು ಮುಖ ಆರಿಸ್ಕೊಳ್ಳಿ, ದಿನಾ ನೋಡಿ, ಆಮೇಲೆ ಕುಂಚ ಹಿಡೀರಿ."

ಗುಮಾಸ್ತರಿಗೆ ಪುಕ್ಕಟೆ ಸಿಗುವ ಮುಖ ಒಂದೇ ಇತ್ತು. ಕೂತ ಹೆಂಗಸಿನ, ಇನ್ನೂ ಬಣ್ಣ ಕಾಣದ ಒಂದು ಗೊಂಬೆ ತಂದು, ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಸ್ವಲ್ಪ ಕಿಟಕಿ ಹತ್ರ ಕೂತ್ಕೋತೀಯಾ? ನಿನ್ನ ಮುಖ ನೋಡ್ಬೇಕು."

ಹೆಂಡತಿಯ ಕೈಯಲ್ಲಿದ್ದ ಸೌಟು ನಿಂತಿತು. "ಏನಂದ್ರಿ?"

"ನಿನ್ನ ಮುಖ ನೋಡ್ಬೇಕು ಅಂದೆ."

ಮದುವೆಯಾದ ಹೊಸತರಲ್ಲಿ ಕೇಳಿದ್ದ ಮಾತು! ಆಕೆ ಒಲೆ ಆರಿಸಿ, ತಲೆ ಬಾಚಿಕೊಂಡು ಬಂದು ಕೂತಳು.

ಅಂದಿನಿಂದ ಸಂಜೆ ಸಂಜೆಯೂ ಕೂತಳು. ಇಷ್ಟು ವರ್ಷ ಪತ್ರಿಕೆಯ ಹಿಂದೆ ಅಡಗಿದ್ದ ಗಂಡ ಎದುರಿಗೆ ಕೂತು ಎವೆಯಿಕ್ಕದೆ ನೋಡತೊಡಗಿದರೆ ಯಾರಿಗೆ ತಾನೇ ಮಾತು ಬರುವುದಿಲ್ಲ? ಆಕೆ ಮನಸ್ಸು ಬಿಚ್ಚಿದಳು. ಶಾಲೆಯ ಮಾತು, ತೀರಿಹೋದ ಅಕ್ಕನ ಮಾತು, ಮನೆಯಲ್ಲಿ ಇಬ್ಬರಿದ್ದೂ ಒಬ್ಬಳೇ ಇದ್ದ ಹಾಗಿರುತ್ತದೆ ಎಂಬ ಮಾತು. ಗುಮಾಸ್ತರು "ಹೂಂ" ಅನ್ನುತ್ತಿದ್ದರು. ಒಮ್ಮೊಮ್ಮೆ "ಹೂಂ, ಗದ್ದ ಅಲ್ಲಾಡಿಸ್ಬೇಡ" ಅನ್ನುತ್ತಿದ್ದರು. ಒಂದು ಸಂಜೆ ಆಕೆ ಬಹಳ ಹೊತ್ತು ಏನೋ ಹೇಳಿ, "ಹಾಗಾದ್ರೆ ನಿಮ್ಮ ಒಪ್ಪಿಗೆ ಇದೆಯಾ?" ಎಂದು ಕೇಳಿದಳು. ಗುಮಾಸ್ತರು ಆಗ ಕೆಳರೆಪ್ಪೆಯ ನೆರಳಿನಲ್ಲಿ ಮುಳುಗಿದ್ದರು. "ಹೂಂ" ಎಂದರು. ಆಕೆಯ ಕಣ್ಣು ತುಂಬಿ ಬಂತು.

"ಆಹಾ!" ಎಂದು ಗುಮಾಸ್ತರು ಕುಂಚ ಅದ್ದಿದರು.

ಪ್ರದರ್ಶನದಲ್ಲಿ ಆ ಗೊಂಬೆಗೇ ಮೊದಲ ಬಹುಮಾನ. ಜನ ಭೂತಗನ್ನಡಿ ಹಿಡಿದು ಮುಗಿಬಿದ್ದರು. ದಂತವೈದ್ಯರು, "ಎಂಥ ಸಂಕಟ ತಂದಿದೀರಿ ರೀ ಈ ಕಣ್ಣಲ್ಲಿ! ಹೇಗೆ ಸಾಧ್ಯವಾಯ್ತು?" ಎಂದರು.

"ನೀವು ಹೇಳಿದ ಹಾಗೆ ನೀರು ಜಾಸ್ತಿ ಹಾಕಿದೆ ಅಷ್ಟೆ," ಎಂದರು ಗುಮಾಸ್ತರು, ಎದೆಯುಬ್ಬಿಸಿ.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವಳನ್ನು ಯಾರೂ ಗುರುತಿಸಲಿಲ್ಲ.

ಮನೆಗೆ ಬಂದದ್ದೇ ಆಕೆ ಒಳಗಿನಿಂದ ಪೆಟ್ಟಿಗೆ ತಂದಿಟ್ಟಳು.

"ಇದೇನೇ ಇದು?"

"ನಾಳೆ ಕೆಲಸಕ್ಕೆ ಸೇರ್ಕೋಬೇಕಲ್ಲ. ಮುಖ್ಯೋಪಾಧ್ಯಾಯಿನಿ ಕೆಲಸ, ಬೇರೆ ಊರು. ನೀವೂ ಬರ್ತೀರಾ ಅಂತ ಕೇಳಿದೆ, ಹೂಂ ಅಂದ್ರಿ. ಯಾವಾಗ ಅಂದೆ, ಗದ್ದ ಅಲ್ಲಾಡಿಸ್ಬೇಡ ಅಂದ್ರಿ. ನಾನೊಬ್ಬಳೇ ಹೋಗಿ ಅಲ್ಲೇ ಉಳಿದ್ರೂ ಒಪ್ಪಿಗೆಯಾ ಅಂದೆ. ಅದಕ್ಕೂ ಹೂಂ."

"ನಾನು ಕೇಳಿಸ್ಕೊಳ್ಳಲೇ ಇಲ್ಲ ಕಣೆ!"

"ಗೊತ್ತು. ಅದಕ್ಕೇ ಹೋಗ್ತಿದೀನಿ."

ಆಕೆ ಪೆಟ್ಟಿಗೆ ಎತ್ತಿಕೊಂಡು, ಬಾಗಿಲು ತೆರೆದು ಒಮ್ಮೆ ತಿರುಗಿ ನೋಡಿದಳು. ಇಳಿಬಿಸಿಲು ಕೆನ್ನೆಯ ಮೇಲೆ ಓರೆಯಾಗಿ ಬಿತ್ತು.

"ನಿಲ್ಲು!" ಗುಮಾಸ್ತರ ದನಿ ಒಡೆದಿತ್ತು. "ನಿನ್ನ ದಮ್ಮಯ್ಯ, ಒಂದೇ ನಿಮಿಷ ನಿಲ್ಲು!"

ಆಕೆ ಪೆಟ್ಟಿಗೆ ಕೆಳಗಿಟ್ಟಳು. ಗಂಡ ಹೀಗೆ ಅಂಗಲಾಚಿದ್ದು ಇದೇ ಮೊದಲು. ಬಿಗಿದ ಮುಖ ಮೆಲ್ಲನೆ ಸಡಿಲವಾಯಿತು.

"ಹೇಳಿ," ಎಂದಳು.

"ಅಯ್ಯೋ, ಮುಖ ಸಡಿಲ ಬಿಡ್ಬೇಡ," ಎಂದರು ಗುಮಾಸ್ತರು, ಜೇಬಿನಲ್ಲಿ ಕುಂಚ ತಡಕುತ್ತ. "ಮೊದಲು ಹೇಗಿತ್ತೋ ಹಾಗೇ ಇಟ್ಕೋ."