ಮಾವನ ಎದೆಯೊಳಗಿನ ಬೂಷ್ಟು

ಎಲ್ಲ ರಾದ್ಧಾಂತಕ್ಕೂ ಕಾರಣ ಗಾಜಿನ ತಟ್ಟೆಯಲ್ಲಿ ಬೆಳೆದ ಅಂಗೈಯಗಲದ ಹಸಿರು ಬೂಷ್ಟು. ಆಸ್ಪತ್ರೆಯ ಲ್ಯಾಬಿನಲ್ಲಿ ‘ಬೂಷ್ಟು ಡಾಕ್ಟರ್’ ಎಂದೇ ಹೆಸರಾದವರು ಅದನ್ನು ತಮ್ಮ ಮಾವನ ಕಫದಿಂದ ಬೆಳೆಸಿದ್ದರು. ಮೂರು ಲೋಕದ ಬೂಷ್ಟುಗಳೂ ಅವರ ಹೆಸರು ಕೇಳಿದರೆ ಗಡಗಡ ನಡುಗುತ್ತಿದ್ದವು. ಮಾವ ಮಾತ್ರ ಅವರನ್ನು ‘ಹಳಸಿದ ಬ್ರೆಡ್ಡಿನ ಡಾಕ್ಟರ್’ ಎನ್ನುತ್ತಿದ್ದರು. ಈಗ ಆ ಮಾವನೇ ವಾರ್ಡಿನಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದರು. ಬೂಷ್ಟು ಯಾವ ಔಷಧಿಗೆ ಬಗ್ಗುತ್ತದೆಂದು ಹೇಳಬೇಕಾದ ತಟ್ಟೆಯೇ ಬೆಳಿಗ್ಗೆ ನಾಪತ್ತೆ!

“ಆ ಹಸಿರುದಾ ಸಾರ್? ಗಾಳಿಯಿಂದ ಬಿದ್ದ ಕೊಳೆ ಅಂದ್ಕೊಂಡು ಬಿಸಾಕ್ಬಿಟ್ಟೆ,” ಎಂದಳು ಟೆಕ್ನಿಷಿಯನ್. “ಈಗ ಬೇಯೋಕೆ ಹೋಗಿರತ್ತೆ.”

ಡಾಕ್ಟರು ಓಡಿದರು. ಓಡಿದ್ದೆಂದರೆ ಸಾಮಾನ್ಯವೆ? ಕಾರಿಡಾರಿನ ಗೋಡೆಗಳೇ ಸರಿದು ದಾರಿ ಬಿಟ್ಟವು. ಕಸ ಬೇಯಿಸುವ ಆವಿಯ ಯಂತ್ರದ ಬಾಗಿಲು ಇನ್ನೇನು ಮುಚ್ಚಬೇಕು, ಚೀಲವನ್ನು ಹೊರಗೆಳೆದು ಹಸುಗೂಸಿನಂತೆ ಅಪ್ಪಿಕೊಂಡರು.

ಅದೃಷ್ಟಕ್ಕೆ ತಟ್ಟೆಯ ಮುಚ್ಚಳ ಕಳಚಿರಲಿಲ್ಲ. ಒಳಗೆ ಎರಡು ಔಷಧಿ ಸವರಿದ ಎರಡು ಕಾಗದದ ಪಟ್ಟಿ. ಮಾಮೂಲಿ ಔಷಧಿಯ ಪಟ್ಟಿಗೆ ಒರಗಿ ಬೂಷ್ಟು, ಅತ್ತೆಮನೆಗೆ ಬಂದ ಅಳಿಯನಂತೆ ಹಾಯಾಗಿ ಮೈಚಾಚಿತ್ತು. ಇನ್ನೊಂದರ ಸುತ್ತ ಮಾತ್ರ ಬೂಷ್ಟು ಸುಳಿಯದ ಬೋಳು ಬಯಲು.

“ಎಲ್ರಿಗೂ ಮಾಮೂಲಿದನ್ನೇ ಕೊಡೋದು ಕಣ್ರೀ,” ಎಂದು ವಾರ್ಡಿನ ಡಾಕ್ಟರು ನಕ್ಕರು. “ನಿಮ್ಮ ಬೂಷ್ಟಿಗೇನು ಕೊಂಬಿದ್ಯಾ?”

“ಇದೆ, ನೋಡಿ! ನಿಮ್ಮ ಔಷಧೀನ ಸಕ್ಕರೆ ಥರ ನೆಕ್ತಿದೆ. ಈಗ್ಲೇ ಬದಲಾಯಿಸಿ!”

ಬದಲಾಯಿಸಿದರು. ಅಲ್ಲಿಗೆ ಬೂಷ್ಟಿನ ಆಟ ಮುಗಿಯಿತು. ಸ್ವಲ್ಪ ದಿನದಲ್ಲೇ ಮಾವ ಎದ್ದು ಕೂತು, “ಅಳಿಯಂದ್ರೇ, ನೀವು ಮನುಷ್ಯರಲ್ಲ, ದೇವರು ಕಣ್ರೀ!” ಎಂದರು. ವಾರ್ಡಿಗೆ ವಾರ್ಡೇ ಚಪ್ಪಾಳೆ ತಟ್ಟಿತು. ಕಿಟಕಿಯ ಗಾಜೆಲ್ಲ ಅದುರಿತು.

“ಆ ಬೂಷ್ಟಿಗೆ ಅಷ್ಟು ಸೊಕ್ಕು ಎಲ್ಲಿಂದ ಬಂತು?” ವಾರ್ಡಿನ ಡಾಕ್ಟರು ಕೇಳಿದರು.

ಬೂಷ್ಟು ಡಾಕ್ಟರ ಎದೆ ಉಬ್ಬಿ ಅಂಗಿಯ ಗುಂಡಿ ಸಿಡಿಯುವಂತಾಯಿತು. “ಗಿಡಕ್ಕೆ ಬೂಷ್ಟು ಹಿಡೀದೇ ಇರ್ಲಿ ಅಂತ ಔಷಧಿ ಹೊಡೀತಾರಲ್ಲ, ಅದೂ ನಿಮ್ಮ ಮಾಮೂಲಿ ಔಷಧೀನೂ ಅಣ್ಣತಮ್ಮಂದಿರು. ಅದನ್ನ ಕುಡಿದೂ ಕುಡಿದೂ ಕುಂಡದ ಮಣ್ಣಲ್ಲೇ ಇವು ಪಳಗಿಬಿಡ್ತವೆ. ಯಾವನೋ ತಿಳಿಗೇಡಿ ಅಂಥ ಕುಂಡ ತಂದು ಮನೇಲಿ ಮಾವನವರ ಮಂಚದ ಪಕ್ಕ ಇಟ್ಟಿರಬೇಕು, ಉಸಿರಿನ ಜೊತೆ ಎದೆಗಿಳಿದಿದೆ!”

ಮಾವನ ಪಕ್ಕ ಕೂತಿದ್ದ ಹೆಂಡತಿ ಡಾಕ್ಟರ ಅಂಗಿ ಜಗ್ಗಿದಳು.

“ರೀ,” ಎಂದಳು ಮೆಲ್ಲಗೆ, “ಅಪ್ಪನ ಹುಟ್ಟುಹಬ್ಬಕ್ಕೆ ಆ ಹೂಕುಂಡ ತಂದಿಟ್ಟಿದ್ದು ನೀವೇ ಅಲ್ವಾ? ವಾರ ವಾರ ಬಂದು ಔಷಧಿ ಹೊಡೀತಿದ್ದೋರೂ ನೀವೇ.”

ಮಾವ ಹೊಸದಾಗಿ ಸಿಕ್ಕ ಉಸಿರನ್ನು ಎದೆತುಂಬ ಎಳೆದುಕೊಂಡರು. ಅಳಿಯನನ್ನು ಬೈಯಲು ಅದು ಧಾರಾಳವಾಗಿ ಸಾಕಾಯಿತು.