ಶನಿ ಕಾಣಲಾರದ ದುರ್ಬೀನು

ದುರ್ಬೀನಿನ ಅಂಗಡಿಗೆ ಹೋಗಿ, “ಶನಿ ಕಾಣಲಾರದ್ದು ಇದ್ದರ ತೋರಸ್ರಿ” ಎಂದು ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದಿರಬೇಕು. ಹುಡುಕಿ ಹುಡುಕಿ ನಮ್ಮಪ್ಪ ಅವರಿಗೇ ನನ್ನನ್ನು ಕೊಟ್ಟು ಮದುವೆ ಮಾಡಿದ್ದರು!

ನಮ್ಮ ಮನೆಯವರ ಹೆಸರು ಹೇಳುವುದಿಲ್ಲ. ಇದ್ದಾಗ ಹೇಳದ ಹೆಸರನ್ನು ಈಗ ಹೇಳಿ ಏನು ಮಾಡಲಿ? ನರಗುಂದದಲ್ಲಿ ಅವರದು ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಮೂರು ಫೇಸ್ ಕರೆಂಟಿನೊಳಗೆ ಕೈ ಹಾಕುವವರು ಹಲ್ಲಿ ಕಂಡರೆ ಮಂಚ ಏರುತ್ತಿದ್ದರು. “ಕರೆಂಟ್ ಎಲ್ಲಿಂದ ಬರತೈತಿ ಅಂತ ಗೊತ್ತಿರತೈತಿ. ಹಲ್ಲಿದು ಹಂಗಲ್ಲ!” ಒಲೆಯ ಮೇಲೆ ಕುಕ್ಕರ್ ಇಟ್ಟರೆ ಸೀಟಿ ಮುಗಿಯುವ ತನಕ ಅವರ ವಾಸ ಅಂಗಳದಲ್ಲಿ. ಗಜೇಂದ್ರಗಡಕ್ಕೆ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಂಡವೆಂದರೆ ಬಸ್ಸಿನೊಳಗೇ ತಲೆ ಬಗ್ಗಿಸುವರು.

“ರೆಕ್ಕಿ ಕಳಚಿ ಬಂದರ?”

“ಬಂದರ ಬಸ್ಸ ಉಳಿಯಂಗಿಲ್ಲ. ನಿಮ್ಮ ತಲಿ ಉಳೀತೈತೇನ್ರಿ?”

“ಬಗ್ಗಿದವರದು ಉಳೀತೈತಿ!” ಎಂದು ನನ್ನ ತಲೆಯನ್ನೂ ಒತ್ತಿ ಬಗ್ಗಿಸುವರು. ಹಿಂದಿನ ಸೀಟಿನವರು ನಾವಿಬ್ಬರೂ ಬಿದ್ದ ಚಿಲ್ಲರೆ ಹುಡುಕುತ್ತಿದ್ದೇವೆ ಎಂದುಕೊಂಡು ತಾವೂ ಹುಡುಕುತ್ತಿದ್ದರು.

ಇಂಥವರಿಗೆ ಆಕಾಶದ ಹುಚ್ಚು ಹತ್ತಿದ್ದು ರೋಣದಲ್ಲಿ. ಬೀಗರ ಮನೆಯಲ್ಲಿ ಬಸುರಿ ಸೊಸೆಗೆ ಕುಬಸ ಮಾಡುವ ಕಾರ್ಯಕ್ಕೆ ಹೋಗಿದ್ದೆವು. ಸಂಜೆ ಎದುರಿನ ಶಾಲೆಯ ಬಯಲಿನಲ್ಲಿ ಮಾಸ್ತರರೊಬ್ಬರು ದುರ್ಬೀನು ಹೂಡಿ ಚಂದ್ರನನ್ನು ತೋರಿಸುತ್ತಿದ್ದರು. ಇವರು ಒಮ್ಮೆ ನೋಡಿದವರು ಊಟಕ್ಕೂ ಬರಲಿಲ್ಲ. ಕರೆಯಲು ಹೋದರೆ ಮತ್ತೆ ಸಾಲಿನ ಕೊನೆಯಲ್ಲಿ ಮಕ್ಕಳ ಹಿಂದೆ ನಿಂತಿದ್ದರು! “ಚಂದ್ರನ ಮ್ಯಾಲ ಗುಳಿ ಅದಾವ. ಧೂಳಿನ್ಯಾಗ ಮಳಿ ಹನಿ ಬಿದ್ದಂಗ. ನಮಗೊಂದು ದುರ್ಬೀನು ಬೇಕ ನೋಡು.”

ತೊಡಕು ಇದ್ದದ್ದು ಒಂದೇ. ಆ ವರ್ಷದ ಯುಗಾದಿಗೆ ಪಂಚಾಂಗ ಓದಿದ ಅಯ್ಯನವರು ನನ್ನ ರಾಶಿಗೆ ಸಾಡೇಸಾತಿ ಎಂದಿದ್ದರು. ಅಂದರೆ ಏಳೂವರೆ ವರ್ಷ ಶನಿಯ ಕಣ್ಣು ನನ್ನ ಮೇಲೆ. ನಾನು ಬೇವು ಬೆಲ್ಲ ತಿಂದು ಮರೆತೆ. ಇವರು ಮರೆಯಲಿಲ್ಲ. ಅಂದಿನಿಂದ ನನ್ನ ಕೆಮ್ಮೂ ಶನಿಯದೇ, ಒಲೆಯ ಮೇಲೆ ಉಕ್ಕಿದ ಹಾಲೂ ಶನಿಯದೇ.

ಹುಬ್ಬಳ್ಳಿಯ ಅಂಗಡಿಯವನು ಹುರುಪಿನಿಂದ ಒಂದು ಉದ್ದನೆಯ ದುರ್ಬೀನು ತೋರಿಸಿದ. “ಹೊಸದಾಗಿ ನೋಡವರಿಗೆ ಇದು ಭಾಳ ಚಲೋರಿ. ಚಂದ್ರ, ಗುರು, ಶನಿ. ಶನಿಯಂತೂ ಉಂಗುರ ಸೈತ ಕಾಣಸ್ತಾನ!”

ಇವರು ಹಿಂದೆ ಸರಿದು, ನನ್ನನ್ನು ತಮ್ಮ ಬೆನ್ನ ಮರೆಗೆ ಎಳೆದುಕೊಂಡು, ಆಗಲೇ ಹೇಳಿದೆನಲ್ಲ, ಆ ಮಾತು ಆಡಿದರು.

“ಯಾಕ್ರಿ ಯಜಮಾನ್ರ? ಮಂದಿ ಅವನ್ನ ನೋಡಾಕಂತನ ತಗೋತಾರ.”

“ಅಷ್ಟ ದೂರ ಇದ್ದಾಗನ ಇಷ್ಟ ಕಾಟ ಕೊಡತಾನ. ಹತ್ತಿರ ತಂದರ ಹ್ಯಾಂಗ್ರಿ?”

ಅಂಗಡಿಯವನು ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ. ಕೊನೆಗೆ ಅವನೇ, “ಹಂಗಾರ ಸಣ್ಣದು ಒಯ್ರಿ. ಇದರಾಗ ಶನಿನೂ ಸಣ್ಣ ಕಾಣಸ್ತಾನ” ಎಂದ. ಅದು ಇವರಿಗೆ ಒಪ್ಪಿತು. ಆದರೆ ಅದರ ಮೂರು ಕಾಲಿನ ಸ್ಟ್ಯಾಂಡನ್ನು ಅಲುಗಿಸಿ ನೋಡಿ ಹುಬ್ಬು ಗಂಟಿಕ್ಕಿದರು. “ಇದು ನಡಗತೈತಲ್ರಿ! ನಡಗಾಕ ನಮ್ಮನ್ಯಾಗ ನಾ ಒಬ್ಬ ಸಾಕು. ಕಾಲು ಗಟ್ಟಿ ಇದ್ದದ್ದು ಕೊಡ್ರಿ.” ಮೊದಲ ದುರ್ಬೀನು ಕೊಳ್ಳುವವರು ನೋಡಬೇಕಾದದ್ದೇ ಅದು, ಯಾರೂ ನೋಡುವುದಿಲ್ಲ ಎಂದು ಅಂಗಡಿಯವನೂ ಮೆಚ್ಚಿದ.

ಮನೆಗೆ ತಂದ ಮೇಲೆ ಶನಿ ಯಾವ ಕಡೆ ಮೂಡುತ್ತಾನೆಂದು ಮೊಬೈಲಿನಲ್ಲಿ ಹುಡುಕಿ, ಮಾಳಿಗೆಯ ಮೇಲೆ ಆ ಕಡೆಗೆ ಹಗ್ಗ ಕಟ್ಟಿ ಕೌದಿ ಇಳಿಬಿಟ್ಟರು. ಚಂದ್ರನನ್ನು ನೋಡಿ ಮುಗಿಯಿತೆಂದರೆ ದುರ್ಬೀನಿನ ಎರಡೂ ತುದಿಗೆ ಮುಚ್ಚಳ, ಮೇಲೊಂದು ಟವೆಲ್.

“ಆ ಕಡಿಂದ ಅಂವ ನಿನ್ನ ನೋಡಿದ್ರ?”

“ಆ ತುದಿಯಿಂದ ನೋಡಿದ್ರ ನಾ ಇರಿವಿಗಿಂತ ಸಣ್ಣ ಕಾಣತೀನ್ರಿ. ಗುರುತ ಹಿಡಿಯಂಗಿಲ್ಲ.”

“ಹೌದೇನ?” ಎಂದು ತಿರುವುಮುರುವು ಹಿಡಿದು ನನ್ನನ್ನು ನೋಡಿ ಖಾತ್ರಿ ಮಾಡಿಕೊಂಡರು. ಅವತ್ತು ಒಂದು ರೊಟ್ಟಿ ಹೆಚ್ಚಿಗೆ ಉಂಡರು.

ಮುಂದಿನ ವರ್ಷ ನನ್ನ ಎದೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ತೆಗೆದು ಪರೀಕ್ಷೆ ಮಾಡದೆ ಏನೂ ಹೇಳಲಾಗದು ಎಂದರು ಡಾಕ್ಟರು. ಆ ವಾರ ಇವರು ಹಲ್ಲಿಗೂ ಹೆದರಲಿಲ್ಲ, ಕುಕ್ಕರಿಗೂ ಹೆದರಲಿಲ್ಲ. ಅದನ್ನು ಕಂಡು ನನಗೇ ಹೆದರಿಕೆ ಹತ್ತಿತು.

ದವಾಖಾನೆಗೆ ಹೊರಡುವ ಹಿಂದಿನ ಸಂಜೆ ದೇವರಿಗೆ ದೀಪ ಹಚ್ಚಿ, ಇವರೆಲ್ಲಿ ಎಂದು ಹುಡುಕುತ್ತ ಮಾಳಿಗೆಯ ಮೆಟ್ಟಿಲು ಹತ್ತಿದೆ. ಕೌದಿ ಇರಲಿಲ್ಲ. ದುರ್ಬೀನು ಆ ಕಡೆಗೇ ತಿರುಗಿತ್ತು. ಕಣ್ಣನ್ನು ಅದಕ್ಕೆ ಒತ್ತಿಕೊಂಡು, ತಗಾದೆ ಮಾಡುವ ಗಿರಾಕಿಯನ್ನು ಸಮಾಧಾನ ಮಾಡುವ ದನಿಯಲ್ಲಿ ಇವರು ಹೇಳುತ್ತಿದ್ದರು: “ಇಲ್ನೋಡಪಾ. ನನ್ನ ನೋಡು. ಅಕಿನ್ನ ಬಿಡು. ನಾ ಅಂಜತೀನಿ ಖರೇ, ಆದ್ರ ಇಲ್ಲಿಂದ ಸರಿಯಂಗಿಲ್ಲ.”

“ಯಾರ ಕೂಡ ಮಾತಾಡಾಕತ್ತೀರಿ?”

ಬೆಚ್ಚಿ ತಿರುಗಿದರು. ಕಣ್ಣಿಡುವ ಜಾಗವನ್ನು ಅಂಗೈಯಿಂದ ಮುಚ್ಚಿದರು. “ಏನಿಲ್ಲ. ಭಾಳ ಚಂದ ಅದಾನ. ನೀ ಮಾತ್ರ ನೋಡಬ್ಯಾಡ.”

ಗಂಟು ಕೆಟ್ಟದ್ದಲ್ಲ ಎಂದರು. ನಾನು ಮನೆಗೆ ಬಂದೆ. ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದ ಇವರು ಎದೆ ಹಿಡಿದುಕೊಂಡು ಕುಳಿತರು, ಏಳಲಿಲ್ಲ. ಮಾತಾಡಿಸಲು ಬಂದ ಬೆಳವಣಕಿ ಊರಿನ ಇವರ ಸೋದರತ್ತೆ, “ಶನಿ ಕಣ್ಣು ನಿನ್ನ ಬಿಟ್ಟು ಅವನ ಮ್ಯಾಲ ಬಿತ್ತಲ್ಲವಾ” ಎಂದು ಅತ್ತರು. ಅವರಿಗೆ ಮಾಳಿಗೆಯ ಮೇಲಿನ ಮಾತು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಇವರು ಕೇಳಿದ್ದನ್ನು ಅವನು ಕೊಟ್ಟೇಬಿಟ್ಟನೇ? ಅಂದಿನಿಂದ ಸಂಜೆಯಾದರೆ ತಲೆ ಎತ್ತಲು ನನಗೆ ಹೆದರಿಕೆ. ಒಣಗಿದ ಬಟ್ಟೆಯನ್ನೂ ಹಗಲಲ್ಲೇ ತಂದುಬಿಡುತ್ತಿದ್ದೆ.

ಮೊನ್ನೆ ಏಕೋ ಸಿಟ್ಟು ಬಂತು. ಹೊತ್ತು ಮುಳುಗಿದ ಮೇಲೆ ಮಾಳಿಗೆ ಹತ್ತಿ, ಮುಚ್ಚಳ ಕಿತ್ತು, ದುರ್ಬೀನನ್ನು ಅವನಿರುವ ಕಡೆಗೇ ತಿರುಗಿಸಿದೆ. ಕಣ್ಣಿಟ್ಟೆ. ಕಪ್ಪಿನೊಳಗೆ ಒಂದು ಜೋಳದ ಕಾಳು. ಅದಕ್ಕೆ ಅಡ್ಡ ಚುಚ್ಚಿದ ಸೂಜಿಯಂಥ ಗೆರೆ. ಅಷ್ಟೇ.

“ಇಷ್ಟ ಸಣ್ಣವಗ ಅಂಜಿದ್ರೇನ್ರಿ!” ಎಂದು ಬೈಯಲು ಪಕ್ಕಕ್ಕೆ ತಿರುಗಿದೆ.