ಟ್ರಂಕು ಸಲ್ಲಿಸಿದ ಸೇವೆ

ಉಷ್ಣವಲಯದ ದೇಶಕ್ಕೆ ದೀರ್ಘಾವಧಿ ಸೇವೆಗೆ ಹೊರಡುವ ಪ್ರತಿಯೊಬ್ಬ ಸ್ವಯಂಸೇವಕರೂ ಮೊಟ್ಟಮೊದಲು ಉಣ್ಣೆಯ ಕಂಬಳಿಯನ್ನು ಮಡಿಚಿಟ್ಟುಕೊಳ್ಳತಕ್ಕದ್ದು. ಇದು ವರ್ಷವಿಡೀ ಬೆವರು ಸುರಿಸುವ ಇಲೊಯಿಲೊ ನಗರದ ನಮ್ಮ ಸಾಗರಾಂತರ ಸೇವಾ ಮಂಡಳಿಯ ಒಂದನೇ ನಿಯಮ. ನಿಯಮಾವಳಿಯನ್ನು ಹಿಮ ಬೀಳುವ ಯಾವುದೋ ದೇಶದ ತಜ್ಞರು ಬರೆದುಕೊಟ್ಟಿದ್ದರು. ಅವರು ಇಲ್ಲಿಗೆ ಬಂದಿದ್ದಾಗ ಹೋಟೆಲಿನ ಏಸಿಯಲ್ಲಿ ರಾತ್ರಿಯೆಲ್ಲ ನಡುಗಿದ್ದರಂತೆ. ಅನುಭವದಿಂದ ಹುಟ್ಟಿದ ನಿಯಮವನ್ನು ತಿದ್ದುವ ಅಧಿಕಾರ ನಮಗಿಲ್ಲ.

ನಾನು ಮಂಡಳಿಯ ತೂಕ ವಿಭಾಗದ ಗುಮಾಸ್ತ. ಆದ್ದರಿಂದ ಕೊರಿತಾ ಪಲ್ಮಾರೆಸ್ ಅವರ ಪ್ರಕರಣದಲ್ಲಿ ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತೆಂದು ಧೈರ್ಯವಾಗಿ ಹೇಳಬಲ್ಲೆ.

ಕೊರಿತಾ ಸೂಲಗಿತ್ತಿ. ಊರು ಎದುರಿನ ಗುಯಿಮಾರಾಸ್ ದ್ವೀಪ, ಹುಟ್ಟಿದ್ದೇ ಮಾವಿನ ತೋಪಿನಲ್ಲಿ. ಸಮಭಾಜಕ ವೃತ್ತದಾಚೆ ತಲೂಮಾ ಎಂಬ ಪುಟ್ಟ ದ್ವೀಪದಲ್ಲಿ ಹೆರಿಗೆ ಮಾಡಿಸುವವರು ಯಾರೂ ಇಲ್ಲ, ಬಸುರಿಯರು ದೋಣಿಯಲ್ಲೇ ಹೆರುತ್ತಾರೆ, ಎಲ್ಲ ಸಲವೂ ಒಳ್ಳೆಯದಾಗುವುದಿಲ್ಲ ಎಂದು ಕೇಳಿ, ತಾವೇ ಹೋಗುತ್ತೇನೆಂದು ಹೆಸರು ಕೊಟ್ಟಿದ್ದರು.

ಮೊದಲು ತರಬೇತಿ. ‘ಬೆವರು: ಒಂದು ಪರಿಚಯ’, ‘ಸೊಳ್ಳೆಯೊಂದಿಗೆ ಮೊದಲ ಭೇಟಿ’ ಎಂಬ ವಿಷಯಗಳಲ್ಲಿ ಅವರು ಪಾಸಾದರು. ಮಾವಿನಹಣ್ಣನ್ನು ಗುರುತಿಸುವ ಪರೀಕ್ಷೆಯಲ್ಲಿ ಮಾತ್ರ ನಪಾಸು. ಪರೀಕ್ಷಕರು ಉತ್ತರ ಕೇಳುವಷ್ಟರಲ್ಲಿ ಕೊರಿತಾ ಪ್ರಶ್ನೆಯನ್ನೇ ತಿಂದುಬಿಟ್ಟಿದ್ದರು. ಕೃಪಾಂಕ ಕೊಟ್ಟು ಮುಂದೆ ಕಳಿಸಲಾಯಿತು.

ಆಮೇಲೆ ಸಾಮಾನು ಕಟ್ಟುವ ದಿನ ಬಂತು. ಮಂಡಳಿಯೇ ಕೊಡುವ ಕಬ್ಬಿಣದ ಟ್ರಂಕಿನಲ್ಲಿ ಕಂಬಳಿ, ಹಿಮ ಗೋರುವ ಸಲಿಕೆ, ಅಭ್ಯಾಸಕ್ಕೆಂದು ಒಂದು ಪ್ಲಾಸ್ಟಿಕ್ ತೆಂಗಿನಕಾಯಿ, ಇನ್ನೂ ಏನೇನೋ ಇದ್ದವು. ಎಲ್ಲವೂ ಅಧ್ಯಕ್ಷ ಗೊರಿಸೆತಾ ಅವರ ಭಾವಮೈದುನನ ಅಂಗಡಿಯವು. ಗುಣಮಟ್ಟದ ಬಗ್ಗೆ ಸ್ವತಃ ಭಾವಮೈದುನನೇ ಭರವಸೆ ಕೊಟ್ಟಿದ್ದ.

ಕೊರಿತಾ ತಮ್ಮ ಕಸುಬಿನ ಚೀಲವನ್ನೂ ತಂದಿದ್ದರು. ಉಗ್ರಾಣಾಧಿಕಾರಿ ಕ್ರಿಸ್ಪುಲೊ ಅದರೊಳಗಿಂದ ಕತ್ತರಿಯೊಂದನ್ನು ಎತ್ತಿ ಹಿಡಿದರು.

“ಇದೇನ್ರೀ ಇದು?”

“ಹೊಕ್ಕಳಬಳ್ಳಿ ಕತ್ತರಿಸೋಕೆ, ಸರ್.”

“ನಿಯಮಾವಳೀಲಿ ಹೊಕ್ಕಳೇ ಇಲ್ಲವಲ್ಲ.”

“ಕೂಸಿಗೆ ಇರುತ್ತೆ ಸರ್.”

“ಕೂಸು ನಮಗೆ ಬರೋಲ್ಲ, ಆರೋಗ್ಯ ಇಲಾಖೆಗೆ ಬರುತ್ತೆ. ತೆಗೀರಿ ಆಚೆ.”

ಮಗಳನ್ನು ಬೀಳ್ಕೊಡಲು ಒಣಮೀನಿನ ಗಂಟು ಹಿಡಿದು ಬಂದಿದ್ದ ತಾಯಿ ಬಸಿಲಿಸಾ ಸಲಿಕೆಯನ್ನೇ ನೋಡುತ್ತಿದ್ದರು. “ಅಲ್ಲಪ್ಪಾ, ಆ ಊರಲ್ಲಿ ಹಿಮ ಬೀಳುತ್ತಾ?”

“ಇದುವರೆಗೂ ಬಿದ್ದಿಲ್ಲಮ್ಮಾ. ನಾವು ಸಲಿಕೆ ಕಳಿಸ್ತಾ ಇದೀವಲ್ಲ, ಅದಕ್ಕೇ ಬಿದ್ದಿಲ್ಲ.”

“ನಮ್ಮೂರಲ್ಲಿ ಸಲಿಕೆ ಇಲ್ದೇನೇ ಬೀಳ್ತಿಲ್ಲ ನೋಡು, ಪುಣ್ಯ!”

ಕ್ರಿಸ್ಪುಲೊ ಇದನ್ನು ಮೆಚ್ಚುಗೆಯೆಂದು ಭಾವಿಸಿ ತಲೆಬಾಗಿದರು.

ಬಳಿಕ ನಿಯಮದಂತೆ ಟ್ರಂಕನ್ನೂ ಕೊರಿತಾ ಅವರನ್ನೂ ಒಟ್ಟಿಗೆ ತಕ್ಕಡಿಯ ಮೇಲೆ ನಿಲ್ಲಿಸಿದೆ. ಮಿತಿಗಿಂತ ಒಂದು ಹಂದಿಮರಿಯಷ್ಟು ತೂಕ ಹೆಚ್ಚು ಬಂತು. ಟ್ರಂಕಿಗೆ ಆಗಲೇ ಸೀಲು ಬಿದ್ದಿತ್ತು.

“ಹಾಗಾದ್ರೆ ನೀವೇ ಕಮ್ಮಿ ಆಗ್ಬೇಕು,” ಎಂದರು ಕ್ರಿಸ್ಪುಲೊ.

“ನಾನಾ? ಎಲ್ಲಿಂದ ತೆಗೀಲಿ ಸರ್?”

“ಅದು ನಿಮ್ಮ ವಿವೇಚನೆಗೆ ಬಿಟ್ಟಿದ್ದು.”

ಕೊರಿತಾ ಅನ್ನ ಬಿಟ್ಟರು. ಬರೀ ಗಂಜಿನೀರು ಕುಡಿದು ಸೊರಗಿ, ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಬಂದರು. ತಕ್ಕಡಿ ಅಷ್ಟೇ ತೋರಿಸಿತು. ಮಳೆಗಾಲವಾದ್ದರಿಂದ ಅವರು ಇಳಿದಷ್ಟೂ ಕಂಬಳಿ ತೇವ ಕುಡಿದು ಏರಿತ್ತು.

ಬೆಳಗಾದರೆ ವಿಮಾನ. ಅಧ್ಯಕ್ಷರು ತುರ್ತುಸಭೆ ಕರೆದು ಪ್ರಕಟಣೆ ಹೊರಡಿಸಿದರು:

“ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ತೂಕ, ಸೀಲು ಹಾಗೂ ಶಿಸ್ತಿನಲ್ಲಿ ಅರ್ಹತೆ ಪಡೆದಿರುವ ಟ್ರಂಕನ್ನೇ ತಲೂಮಾ ದ್ವೀಪದ ಸ್ವಯಂಸೇವಕನನ್ನಾಗಿ ನೇಮಿಸಲಾಗಿದೆ. ಸೂಲಗಿತ್ತಿಯು ಹೆಚ್ಚುವರಿಯಾದ್ದರಿಂದ ಕೈಬಿಡಲಾಗಿದೆ.”

ಬಸಿಲಿಸಾ ಬಾಯಿಗೆ ಬಂದಂತೆ ಬೈದರು. ಕೊರಿತಾ ಮಾತ್ರ ಪ್ರಕಟಣೆಯನ್ನು ಎರಡು ಸಲ ಓದಿದರು. ಆಮೇಲೆ ಅಧ್ಯಕ್ಷರನ್ನು ಬಹಳ ವಿನಯದಿಂದ ಕೇಳಿದರು: “ಸರ್, ಸ್ವಯಂಸೇವಕರು ತಮ್ಮ ಸ್ವಂತದ್ದು ಅಂತ ಏನಾದ್ರೂ ಒಯ್ಯಬಹುದಾ?”

“ಧಾರಾಳವಾಗಿ. ತಲಾ ಒಂದು ವಸ್ತು. ಅದಕ್ಕೆ ತೂಕ ಕೇಳೋಲ್ಲ.”

“ಆ ವಸ್ತುವಿನ ಒಳಗೆ ಏನಿರ್ಬೇಕು ಅಂತ?”

“ಅದರ ಬಗ್ಗೆ ನಿಯಮ ಇಲ್ಲ.”

“ಹಾಗಾದ್ರೆ ಟ್ರಂಕಿನ ಸ್ವಂತ ವಸ್ತು ನಾನೇ ಅಂತ ಬರ್ಕೊಳ್ಳಿ. ಈ ಕತ್ತರಿ ಚೀಲ ನನ್ನ ಒಳಗಿಂದು.”

ಅಧ್ಯಕ್ಷರು ನಿಯಮಾವಳಿಯನ್ನು ಹಿಂದಿನಿಂದ ಮುಂದಕ್ಕೂ ಓದಿಸಿದರು. ಆಕ್ಷೇಪಣೆಗೆ ಎಲ್ಲೂ ಆಸ್ಪದವಿರಲಿಲ್ಲ. ನಾನು ಕೊರಿತಾ ಅವರ ಮಣಿಕಟ್ಟಿಗೆ ಸಾಮಾನಿನ ಚೀಟಿ ಕಟ್ಟಿದೆ. ಬಸಿಲಿಸಾ ಮಗಳ ಕಂಕುಳಿಗೆ ಒಣಮೀನಿನ ಗಂಟು ತುರುಕಿ, ಟ್ರಂಕನ್ನು ತಟ್ಟಿ ಹೇಳಿದರು: “ಮಗಳನ್ನ ನಿನ್ನ ಕೈಲಿಟ್ಟಿದೀನಪ್ಪಾ, ಜೋಪಾನ.”

ವಿಮಾನದಲ್ಲಿ ಟ್ರಂಕಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅದರ ವಸ್ತುವನ್ನು ಮೇಲಿನ ಸಾಮಾನಿನ ಗೂಡಿನಲ್ಲಿ ತುಂಬಲು ಆಗದೆ ಪಕ್ಕದ ಸೀಟಿನಲ್ಲಿ ಇಟ್ಟರು. ತಲೂಮಾದ ದಡದಲ್ಲಿ ಊರ ಮುಖ್ಯಸ್ಥರು ಟ್ರಂಕಿಗೆ ಹೂಮಾಲೆ ಹಾಕಿ ಸ್ವಾಗತಭಾಷಣ ಓದಿದರು. ಭಾಷಣ ಮುಗಿಯುವ ಮೊದಲೇ ಮುಖ್ಯಸ್ಥರ ಸೊಸೆಗೆ ನೋವು ಶುರುವಾಯಿತು. ಕೊರಿತಾ ಚೀಟಿ ಹಾರಿಸುತ್ತ ಓಡಿದರು. ಭಾಷಣ ಮುಗಿಯುವ ಹೊತ್ತಿಗೆ ಹೆಣ್ಣುಮಗು ಹುಟ್ಟಿತ್ತು. ಅಂದಿನಿಂದ ತಲೂಮಾದ ಯಾವ ಕೂಸೂ ದೋಣಿಯಲ್ಲಿ ಹುಟ್ಟಲಿಲ್ಲ.

ಟ್ರಂಕಿನ ಸೇವೆಯ ಬಗ್ಗೆ ಮಂಡಳಿಗೆ ಒಳ್ಳೆಯ ವರದಿಗಳೇ ಬಂದವು. ರಜೆ ಕೇಳುವುದಿಲ್ಲ, ಊಟದ ಬಗ್ಗೆ ತಕರಾರಿಲ್ಲ, ಅನುದಾನ ಎಲ್ಲಿ ಹೋಯಿತೆಂದು ವಿಚಾರಿಸುವುದಿಲ್ಲ.

ಅವಧಿ ಮುಗಿಸಿ ಬಂದ ಟ್ರಂಕಿಗೆ ನಗರದ ಸಭಾಂಗಣದಲ್ಲಿ ಶ್ರೇಷ್ಠ ಸ್ವಯಂಸೇವಕ ಪದಕ ತೊಡಿಸಲಾಯಿತು. ಅಧ್ಯಕ್ಷರು ಎರಡು ಮಾತಾಡಬೇಕೆಂದು ಅದನ್ನು ಕೋರಿದರು. ಸಭೆ ಬಹಳ ಹೊತ್ತು ನಿಶ್ಶಬ್ದವಾಗಿ ಆಲಿಸಿತು. ಇಷ್ಟು ಅರ್ಥಗರ್ಭಿತವಾದ ಭಾಷಣವನ್ನು ಈಚೆಗೆ ಕೇಳಿಲ್ಲವೆಂದು ಹಲವರು ಕಣ್ಣೊರೆಸಿಕೊಂಡರು.

ಚೀಲಗಳನ್ನಿಡುವ ಕೋಣೆಯ ಬಾಗಿಲಲ್ಲಿ ಕೊರಿತಾ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಬಸಿಲಿಸಾ ಮಗಳ ತೋಳು ಜಗ್ಗಿದರು. “ನಿಂಗೇನು ಬಂತೇ ಕೇಡು? ಕೆಲ್ಸ ಮಾಡಿದ್ದು ನೀನು, ಆ ಡಬ್ಬಕ್ಕೆ ಯಾಕೆ ಚಪ್ಪಾಳೆ?”

“ಸುಮ್ನಿರಮ್ಮಾ. ಮುಖ್ಯಸ್ಥರ ಸೊಸೆಗೆ ಮತ್ತೆ ಆರು ತಿಂಗಳು. ಇದನ್ನ ಇನ್ನೊಂದ್ಸಲ ಕಳಿಸದಿದ್ರೆ ನಾನು ಹೋಗೋದು ಹೇಗೆ?”

ಬಸಿಲಿಸಾ ಮಗಳ ತೋಳು ಬಿಟ್ಟು, ತಾವೂ ಚಪ್ಪಾಳೆ ತಟ್ಟತೊಡಗಿದರು.